ಗಿಟಾರಿಗೆ ದವಡೆಯೊತ್ತುವ ಪಿಟ್ಮನ್

ಶಿಕಾಗೋದ ನಮ್ಮ ಕಟ್ಟಡದಲ್ಲಿ ಕರೆಂಟು ಹೋದರೆ ಯಾರೂ ಕಿಟಕಿಯಾಚೆ ನೋಡುವುದಿಲ್ಲ, ನೆಲ ಗುದ್ದಿ ‘ಪಿಟ್ಮನ್’ ಎಂದು ಕೂಗುತ್ತಾರೆ. ಕೆಳಮನೆಯ ಒಡೆಲ್ ಪಿಟ್ಮನ್ ತಮ್ಮ ಎಲೆಕ್ಟ್ರಿಕ್ ಗಿಟಾರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಫ್ಯೂಸು ಸುಟ್ಟಿತೆಂದೇ ಲೆಕ್ಕ. ಬೇರೆಯವರು ಸಿಗರೇಟು ಇಟ್ಟುಕೊಳ್ಳುವಂತೆ ಅವರು ಜೇಬಿನಲ್ಲಿ ಫ್ಯೂಸು ಇಟ್ಟುಕೊಂಡಿರುತ್ತಾರೆ. ಸಂಜೆ ಅವರ ಬ್ಲೂಸ್ ಸಂಗೀತ ಶುರುವಾದರೆ ನನ್ನ ಮಗುವಿನ ತೊಟ್ಟಿಲು ತಾನಾಗಿಯೇ ತೂಗುತ್ತದೆ, ನನ್ನ ಎದೆಯೂ ಜೊತೆಗೆ ಹೊಡೆದುಕೊಳ್ಳುತ್ತದೆ. ಯಾಕಿಷ್ಟು ಜೋರು ಎಂದರೆ, “ಮಿಸಿಸಿಪ್ಪಿಯಲ್ಲಿ ನಮ್ಮಪ್ಪ ನುಡಿಸಿದ್ದು ಹೇಸರಗತ್ತೆಗೆ ಕೇಳಿಸಿದ್ರೆ ಸಾಕಿತ್ತು ಮಗಳೇ, ಇಲ್ಲಿ ರೈಲಿಗೆ ಕೇಳಿಸಬೇಕಲ್ಲ” ಎನ್ನುತ್ತಾರೆ. ಶನಿವಾರ ಕ್ಲಬ್ಬಿನಲ್ಲಿ ಕಣ್ಣುಮುಚ್ಚಿ, ಗಿಟಾರಿನ ಅಂಚಿಗೆ ದವಡೆಯೊತ್ತಿ ತಂತಿ ಎಳೆದಾಗ, “ಹೆಂಡ್ತಿ ಹೆಗಲಿಗಾದ್ರೂ ಹಿಂಗೆ ಒರಗಿದ್ಯಾ, ಒಡೆಲ್?” ಎಂದು ಹೆಂಗಸರು ರೇಗಿಸುತ್ತಾರೆ. ಈಗ ಊರಿನ ಹೊಸ ಗಿಟಾರಿಗರೆಲ್ಲ ಹಾಗೆಯೇ ದವಡೆಯೊತ್ತುತ್ತಾರೆ; ಅದಕ್ಕೆ ಪಿಟ್ಮನ್ ಶೈಲಿ ಎಂದೇ ಹೆಸರು. ಮೊನ್ನೆ ಮಧ್ಯಾಹ್ನ ಸದ್ದೇ ಇರಲಿಲ್ಲ. ಅದಕ್ಕೂ ಗಾಬರಿಯಾಗಿ ಮಗುವನ್ನೆತ್ತಿಕೊಂಡು ಕೆಳಗಿಳಿದೆ. ಬಾಗಿಲು ಬಡಿದೆ, ಒಳಹೋಗಿ ಹೆಸರು ಕೂಗಿದೆ, ಬೆನ್ನು ಹಾಕಿ ಕೂತಿದ್ದ ಅವರು ತಿರುಗಲಿಲ್ಲ. ಆಂಪ್ಲಿಫೈಯರ್ ಆರಿತ್ತು, ಅವರು ಗಿಟಾರಿನ ಮರಕ್ಕೆ ದವಡೆಯೊತ್ತಿ ಶ್ರುತಿ ಹುಡುಕುತ್ತಿದ್ದರು. ಭುಜ ಮುಟ್ಟಿದಾಗ ಬೆಚ್ಚಿಬಿದ್ದು, ನನ್ನ ತುಟಿಯನ್ನೇ ನೋಡಿದರು. “ಕಿವಿ ಮುಕ್ಕಾಲು ಹೋಯ್ತು ಮಗಳೇ. ದವಡೆ ಮೂಳೆಗೆ ಇನ್ನೂ ಕೇಳ್ಸುತ್ತೆ. ಬ್ಯಾಂಡಿನವರಿಗೆ ಗೊತ್ತಾದ್ರೆ ನಾಳೆನೇ ಇನ್ನೊಬ್ಬನ್ನ ತರ್ತಾರೆ.” ನಿಮ್ಮನ್ನು ಅನುಕರಿಸುವ ಹೊಸಬರಿಗಾದರೂ ನಿಜ ಹೇಳಬಾರದೇ ಎಂದೆ. ಅಡ್ಡಡ್ಡ ತಲೆಯಾಡಿಸಿದರು. “ಬೇಡ. ಅವರೆಲ್ಲ ಹಿಂಗೇ ಗಿಟಾರಿಗೆ ಬಾಗಲಿ. ಎಲ್ರೂ ಬಾಗಿದ್ರೆ ನಾನು ಯಾಕೆ ಬಾಗಿದೀನಿ ಅಂತ ಯಾರೂ ಕೇಳಲ್ಲ.”