ರೇಣವ್ವನ ಬಹುವಚನ

ಕೂಡಿದ ಮಹಾಜನರೇ, ಇಂದಿನ ಆಟ ಶುರುವಾಗುವ ಮೊದಲು ಗದ್ದಲ ನಿಲ್ಲಿಸಿ ಕೇಳಿ. ಈ ನಾಟಕ ಬರೆದ ನಾನು ಇಂದು ಧಾರವಾಡದ ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತಿದ್ದೆ. ಮೈಯೆಲ್ಲ ಸುಟ್ಟಿದ್ದ ನೆರೆಮನೆಯ ರೇಣವ್ವನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದವನು ನಾನು. ರಾಯಾಪುರ ದಾಟುವಾಗ ಅವಳು ನನಗೆ ಹೇಳಿದ ಕೊನೆಯ ಮಾತು: "ಕಾಕಾ, ನಮ್ಮ ಯಜಮಾನರಽ ಬೆಂಕಿ ಹಚ್ಚಿದ್ರು."

ಸಾಯುವವರ ಇಂಥ ಮಾತನ್ನು ಕಾನೂನು ಸಾಕ್ಷ್ಯವೆಂದು ಒಪ್ಪುತ್ತದೆ. ಗಂಡನ ಪರ ವಕೀಲರು ಮಾತ್ರ ನಕ್ಕರು. "ನೀವು ನಾಟಕದವರಲ್ಲೇನ್ರಿ? ಈ ಡೈಲಾಗ್ ನೀವಽ ಬರದೀರಿ."

"ವಕೀಲ್ ಸಾಹೇಬ್ರ, ನಾ ಬರದಿದ್ರ, ಬೆಂಕಿ ಹಚ್ಚಿದಾಂವಗ 'ಹಚ್ಚಿದ್ರು' ಅಂತ ಮರ್ಯಾದಿ ಕೊಡತಿದ್ದಿಲ್ರಿ" ಎಂದೆ.

ಪಾಟೀಸವಾಲು ಮುಗಿದಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಕಟಕಟೆ ಹತ್ತಿ, ಅವಳ ಮಾತನ್ನು ಅವಳಷ್ಟೇ ಮೆಲ್ಲಗೆ, ಆ ಬಹುವಚನವನ್ನೂ ಬಿಡದೆ ಹೇಳುತ್ತೇನೆ.