ಓದದೆ ಬಿಟ್ಟ ಮಾತು

ಅಣ್ಣ ಯುದ್ಧದ ನೆಲದಿಂದ ಬರೆದ ಪತ್ರಗಳಲ್ಲಿ ಅತ್ತಿಗೆಗೆಂದೇ ಇದ್ದ ಮಾತನ್ನು ನಾನು ಓದದೆ ನುಂಗಿದೆ. ಒಂದು ಸಲವಲ್ಲ — ಮತ್ತೆ ಮತ್ತೆ.

ಆಗ ನಾನು ಒಂಬತ್ತನೆಯ ತರಗತಿ. ಕುರುಗೋಡಿನ ಗಂಗಮ್ಮನನ್ನು ಮದುವೆಯಾದ ಮೂರೇ ತಿಂಗಳಿಗೆ ಅಣ್ಣ ಸೈನ್ಯದ ಜೊತೆ ಶ್ರೀಲಂಕಾಕ್ಕೆ ಹೋದ. ಹಚ್ಚೊಳ್ಳಿಯ ನಮ್ಮ ಮನೆಯಲ್ಲಿ ಓದು ಬಲ್ಲವಳು ನಾನೊಬ್ಬಳೇ. ಪತ್ರ ಬಂತೆಂದರೆ ಅವ್ವ ಒಲೆ ಬಿಟ್ಟು ಬರುತ್ತಿದ್ದಳು, ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂಡುತ್ತಿದ್ದರು, ಅತ್ತಿಗೆ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಎಲ್ಲರ ಕಣ್ಣೂ ನನ್ನ ಮೇಲೆ. ಆ ಹೊತ್ತಿನ ಸುಖ — ಹೇಳಲು ನಾಚಿಕೆಯಾಗುತ್ತದೆ.

ಪ್ರತಿ ಪತ್ರದ ಕೊನೆಗೆ ಅಣ್ಣ ತಪ್ಪದೆ ಬರೆಯುತ್ತಿದ್ದ: 'ಗಂಗಮ್ಮನಿಗೆ ಅಕ್ಷರ ಕಲಿಸು. ಅವಳ ಕೈಯಿಂದ ಎರಡು ಮಾತು ಬಂದರೆ ಇಲ್ಲಿ ನನಗೆ ಧೈರ್ಯ.' ಅತ್ತಿಗೆ ಕಲಿತುಬಿಟ್ಟರೆ ನನ್ನನ್ನು ಯಾರು ಕೇಳುತ್ತಾರೆ? 'ಎಲ್ಲರಿಗೂ ನಮಸ್ಕಾರ' ಎಂದು ಓದಿ ಪತ್ರ ಮಡಚುತ್ತಿದ್ದೆ.

"ನನಗೇನರ ಬರದಾರೇನು?" ಅತ್ತಿಗೆ ಒಮ್ಮೆ ಮೆಲ್ಲಗೆ ಕೇಳಿದಳು.

"ಏನೂ ಇಲ್ಲ ಅತ್ತಿಗಿ."

ಅಷ್ಟಕ್ಕೇ ನಿಲ್ಲಲಿಲ್ಲ. ಉತ್ತರ ಬರೆಯುವವಳೂ ನಾನೇ ತಾನೆ — 'ಅತ್ತಿಗೆಗೆ ಕಲಿಯಲು ಮನಸ್ಸಿಲ್ಲ' ಎಂದು ಬರೆದೆ. ಆಮೇಲಿನ ಪತ್ರಗಳಲ್ಲಿ ಆ ಮಾತು ಬರಲಿಲ್ಲ.

ಅಣ್ಣ ಕಾಲಿಗೆ ಗುಂಡೇಟು ತಿಂದರೂ ಜೀವ ಉಳಿಸಿಕೊಂಡು ಬಂದ. ಸಂಸಾರ ನಡೆಯಿತು, ಮಕ್ಕಳಾದರು. ಆದರೆ ಗಂಡ ಹೆಂಡಿರ ನಡುವೆ ಬೇಕಾದಷ್ಟೇ ಮಾತು. ಅವರ ಸ್ವಭಾವವೇ ಹಾಗೆ ಎಂದರು ಎಲ್ಲರೂ. ನನಗೆ ಗೊತ್ತಿತ್ತು. ಗೊತ್ತಿದ್ದೂ ಸಿರುಗುಪ್ಪದಲ್ಲಿ ಶಿಕ್ಷಕಿಯಾಗಿ ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸುತ್ತ ಬಂದೆ...

ಹೋದ ತಿಂಗಳು ಅಣ್ಣನಿಗೆ ಎದೆನೋವು ಬಂದು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದೆವು. ಒಪ್ಪಿಗೆಯ ಕಾಗದ ಮುಂದಿಟ್ಟಾಗ ಅತ್ತಿಗೆ ಹೆಬ್ಬೆಟ್ಟು ಒತ್ತಿದಳು. ಪಕ್ಕದಲ್ಲಿ ನಾನು ನಿಂತಿದ್ದೆ. ಅಣ್ಣ ಗುಣವಾಗಿ ಮನೆಗೆ ಬಂದ ದಿನವೇ ಇಬ್ಬರ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ.

ಅಣ್ಣ ಗೋಡೆಯತ್ತ ತಿರುಗಿದ. ಅತ್ತಿಗೆ ಅವನನ್ನೇ ಕೇಳಿದಳು:

"ಖರೇನ ಬರದಿದ್ರೇನು?"

"ಬರದಿದ್ದೆ. ನಿನಗ ನಾ ಬ್ಯಾಡಾದೆ ಅನ್ಕಂಡು ಬಿಟ್ಟೆ."

"ನಾನೂ ಹಂಗ ಅನ್ಕಂಡಿದ್ದೆ ನೋಡ್ರಿ."

ನಾನು ಕಾಲು ಹಿಡಿಯಲು ಬಗ್ಗಿದೆ. ಅತ್ತಿಗೆ ಹಿಂದೆ ಸರಿದಳು. "ಕಾಲು ಹಿಡದ್ರ ಕಳದ್ಹೋದ ವರ್ಷಗಳು ತಿರುಗಿ ಬರ್ತಾವೇನು? ನಿನಗ ಕಲಸಾಕ ಬರ್ತೈತಲ್ಲ — ಕಲಸು."

ಈಗ ಶಾಲೆ ಬಿಟ್ಟ ಕೂಡಲೇ ಹಚ್ಚೊಳ್ಳಿಯ ಬಸ್ ಹತ್ತುತ್ತೇನೆ. ಅತ್ತಿಗೆ ಕಾಗುಣಿತಕ್ಕೆ ಬಂದಿದ್ದಾಳೆ. ಅಣ್ಣ ನನ್ನೊಡನೆ ಇನ್ನೂ ಮಾತಾಡಿಲ್ಲ. ಆದರೆ ನಿನ್ನೆ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಕೊಂಬು ತಪ್ಪೈತಿ ನೋಡು" ಎಂದ. "ನೀವು ಸುಮ್ನಿರ್ರಿ, ನನ್ನ ಟೀಚರ್ ಹೇಳ್ತಾಳ" ಎಂದು ಅವಳು ನಕ್ಕಳು. ಅವನೂ ನಕ್ಕ.

ಕ್ಷಮಿಸಿ ಎಂದು ನಾನು ಬಾಯಿ ಬಿಟ್ಟು ಕೇಳಿಲ್ಲ, ಕೇಳುವುದೂ ಇಲ್ಲ. ನಾಳೆ ಒತ್ತಕ್ಷರ ಶುರು ಮಾಡಬೇಕು.