ಭೀಮಶಿಯ ಉಲ್ಟಾ ಸಿಳ್ಳು

ಮುಧೋಳ ಬಸ್ ನಿಲ್ದಾಣದ ಹಿಂದೆ ಪಂಕ್ಚರ್ ಅಂಗಡಿ ಇಟ್ಟಿರುವ ಭೀಮಶಿಗೆ ಎರಡು ಬೆರಳು ಬಾಯಲ್ಲಿಟ್ಟು ಸಿಳ್ಳು ಹೊಡೆಯುವುದೆಂದರೆ ಮಾತಿಗಿಂತ ಸಲೀಸು. ಹೆಂಡತಿ ಸತ್ಯವ್ವನನ್ನು ಕರೆಯುವುದೂ ಅಂಗಡಿಯಲ್ಲೇ ಕೂತು, ಸಿಳ್ಳು ಹೊಡೆದೇ. ಅವಳು ಬರುವುದಿಲ್ಲ, ಆ ಮಾತು ಬೇರೆ. "ನಾ ಏನ್ ಕುರಿ ಏನು?" ಅಂತ ಮನೆಯೊಳಗಿಂದಲೇ ಕೇಳುತ್ತಾಳೆ.

ಅವಳು ಹಾಗೆ ಕೇಳುವುದಕ್ಕೆ ಕಾರಣವಿದೆ. ಭೀಮಶಿಯದು ಬೀರದೇವರ ಒಕ್ಕಲು, ಕುರಿ ಕಾಯ್ದ ಮನೆತನ. ಅಪ್ಪ ಅವನಿಗೆ ಬಿಟ್ಟು ಹೋದ ಆಸ್ತಿಯಲ್ಲಿ ಇನ್ನೂ ಕರಗದೆ ಉಳಿದದ್ದು ಈ ಸಿಳ್ಳುಗಳೇ. ಉದ್ದಕ್ಕೆ ಎಳೆದು ಹೊಡೆದರೆ ಹಿಂಡು ಮುಂದೆ ನುಗ್ಗಬೇಕು. ಗಿಡ್ಡದಾಗಿ ಎರಡು ಸಲ ಹೊಡೆದರೆ ಹಿಂದಕ್ಕೆ ತಿರುಗಬೇಕು. ಹುಡುಗನಾಗಿದ್ದಾಗ ಒಂದು ದಿನ ಮೈದಾನದ ಅಂಚಿನಲ್ಲಿ ಕುರಿ ಮೇಯಿಸುತ್ತಿದ್ದ. ಆಡುವವರ ಫುಟ್‌ಬಾಲ್ ಬಂದು ಹಿಂಡಿನ ನಡುವೆ ಬಿತ್ತು. ಕುರಿ ಬೆದರಿ ಚೆಲ್ಲಾಪಿಲ್ಲಿಯಾದವು, ಇವನಿಗೆ ಸಿಟ್ಟು ನೆತ್ತಿಗೇರಿತು, ಬರಿಗಾಲಲ್ಲೇ ಒದ್ದ. ಚೆಂಡು ಸೀದಾ ಹೋಗಿ ಗೋಲಿನ ಬಲೆಯಲ್ಲಿ ಕೂತಿತು. ಎಷ್ಟು ದೂರದಿಂದ ಒದ್ದದ್ದು ಎಂದು ಅವನನ್ನು ಕೇಳಬೇಡಿ. ಆ ದೂರ ವರ್ಷ ವರ್ಷ ಬೆಳೆಯುತ್ತಲೇ ಇದೆ.

ಅಂತೂ ಆವತ್ತು ಅಲ್ಲಿ ಆಡುತ್ತಿದ್ದ ಊರಿನ ಕ್ಲಬ್ಬಿನವರು ಅವನನ್ನು ಬಿಡಲಿಲ್ಲ. ಆಡಿದ, ಮೊಣಕಾಲು ಕೆಟ್ಟಿತು, ಕೋಚ್ ಆದ. ಕೋಚ್ ಆದ ಮೇಲೆ ಕುರಿಯ ಸಿಳ್ಳನ್ನೇ ಹುಡುಗರಿಗೂ ಕಲಿಸಿದ. ಮೈದಾನದ ಗೆರೆಯ ಆಚೆ ನಿಂತು ಅವನು ಉದ್ದಕ್ಕೆ ಸಿಳ್ಳು ಎಳೆದನೆಂದರೆ ‘ಮುಧೋಳ ಹೌಂಡ್ಸ್’ ಹುಡುಗರೆಲ್ಲ ಒಟ್ಟಿಗೆ ಮುಂದೆ ನುಗ್ಗುತ್ತಿದ್ದರು. ರೆಫರಿಗಳು ಮೊದಮೊದಲು ಬೈದರು, ಆಮೇಲೆ ಅವರಿಗೇ ಬೇಜಾರಾಯಿತು.

ಈ ಭೂಮಿಯ ಮೇಲೆ ಭೀಮಶಿಗೆ ಇದ್ದ ವೈರಿ ಒಬ್ಬನೇ. ಬನಹಟ್ಟಿಯ ‘ಲಾಳಿ ಸ್ಪೋರ್ಟ್ಸ್ ಕ್ಲಬ್’ನ ಕೋಚ್ ಸಿದ್ದಾರೂಢ. ಮನೆಯಲ್ಲಿ ಮಗ್ಗ ಓಡಿಸುವವನು, ಹುಡುಗರಿಗೂ ಲಾಳಿ ಓಡಿದಂತೆ ಅತ್ತಿಂದಿತ್ತ ಸಣ್ಣ ಸಣ್ಣ ಪಾಸ್ ಕಲಿಸುವವನು. ಬಹಳ ಹಿಂದೆ ಒಂದು ಫೈನಲ್‌ನಲ್ಲಿ ಅವನು ಒದ್ದ ಚೆಂಡು ಗೋಲಿನ ಹಿಂದೆ ಹೋಗಿ ಬಿದ್ದಿತ್ತು. ಒಳಗಿಂದ ಬಂದು ಹರಿದ ಬಲೆಯಲ್ಲಿ ತೂರಿ ಹೋಯಿತು ಎಂದು ಅವನು, ಕಂಬದ ಹೊರಗಿನಿಂದಲೇ ಹೋಯಿತು ಎಂದು ಇವನು. ಇಬ್ಬರಿಗೂ ತಲೆ ನೆರೆತರೂ ಆ ಚೆಂಡು ಇನ್ನೂ ನೆಲಕ್ಕೆ ಬಿದ್ದಿಲ್ಲ.

ಇಂಥ ಇಬ್ಬರನ್ನು ಒಂದೇ ಮೈದಾನಕ್ಕೆ ತಂದವರು ಬಾಳಾಸಾಹೇಬರು. ಜಮಖಂಡಿಯ ದೊಡ್ಡ ಹಿಡುವಳಿದಾರರು, ಎರಡೂ ಕ್ಲಬ್ಬಿಗೆ ಬೂಟು ಚೆಂಡು ಕೊಡಿಸುವವರು. ಬೆಳಗಾವಿಯ ಟೂರ್ನಮೆಂಟಿನಲ್ಲಿ ವರ್ಷ ವರ್ಷವೂ ಎರಡೂ ಕ್ಲಬ್ಬಿನ ಸಣ್ಣ ಹುಡುಗರು ಮೊದಲ ಮ್ಯಾಚಿಗೇ ಗಂಟುಮೂಟೆ ಕಟ್ಟಿ ಬರುವುದನ್ನು ನೋಡಿ ಅವರಿಗೆ ಸಾಕಾಗಿತ್ತು. "ಇನ್ನ ಮ್ಯಾಲ ಐತವಾರಕ್ಕೊಮ್ಮೆ ಜಮಖಂಡಿಯೊಳಗ ಕೂಡಿ ಪ್ರ್ಯಾಕ್ಟೀಸ್ ಮಾಡ್ರಿ. ನಿಮ್ಮ ಊರೂ ಅಲ್ಲ, ಅವರ ಊರೂ ಅಲ್ಲ. ಆರೂಢ ಮುಧೋಳದವರಿಗೆ ಪಾಸ್ ಕಲಿಸಲಿ, ಭೀಮಶಿ ಬನಹಟ್ಟಿಯವರಿಗೆ ಸಿಳ್ಳಿ ಕಲಿಸಲಿ" ಅಂದರು. ಬೂಟು ಕೊಡಿಸುವವರ ಮಾತಿಗೆ ಇಲ್ಲ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಭೀಮಶಿ ಮುಖ ಗಂಭೀರ ಮಾಡಿಕೊಂಡು ಮೈದಾನದ ಒಂದು ತುದಿಯಲ್ಲಿ ಬನಹಟ್ಟಿಯ ಹುಡುಗರನ್ನು ಸಾಲಾಗಿ ಕೂರಿಸಿದ. "ಕಿವಿಗೊಟ್ಟು ಕೇಳ್ರಿ. ಉದ್ದ ಸಿಳ್ಳಿ ಹೊಡದ್ರ ಹಿಂದಕ್ಕ ಓಡಿ ಬರೂದು. ಗಿಡ್ಡ ಎರಡು ಹೊಡದ್ರ ಮುಂದಕ್ಕ ಹೋಗೂದು" ಅಂದ. ಹೌದು, ಬೇಕಂತಲೇ ಉಲ್ಟಾ. ಸಿದ್ದಾರೂಢ ಆಗ ಇನ್ನೊಂದು ತುದಿಯಲ್ಲಿ ಮುಧೋಳದವರಿಗೆ ಪಾಸ್ ಹೇಳಿಕೊಡುತ್ತಿದ್ದ. ತನ್ನ ಹುಡುಗರಿಗೆ ಭೀಮಶಿ ಆಮೇಲೆ ತಾಕೀತು ಮಾಡಿದ: "ಬಾಯಿ ಬಿಟ್ರ ನೋಡ್ರಿ ಮತ್ತ."

ಕಳ್ಳತನ ಸಿಕ್ಕಿಬೀಳುವ ಭಯವೂ ಇರಲಿಲ್ಲ. ಪಾಠ ಮುಗಿದ ಮೇಲೆ ಎರಡು ಊರಿನವರೂ ಎದುರು ಬದುರು ಆಡುತ್ತಿದ್ದರು. ಉದ್ದ ಸಿಳ್ಳಿಗೆ ಮುಧೋಳದವರು ನುಗ್ಗುತ್ತಿದ್ದರು, ಬನಹಟ್ಟಿಯವರು ಹಿಂದೆ ಸರಿಯುತ್ತಿದ್ದರು. ಒಬ್ಬರು ನುಗ್ಗಿದಾಗ ಇನ್ನೊಬ್ಬರು ಸರಿಯುವುದರಲ್ಲಿ ತಪ್ಪು ಕಾಣುವುದು ಯಾರಿಗೆ? ಮಜಾ ಬರುತ್ತಿದ್ದುದು ಬನಹಟ್ಟಿಯವರು ಚೆಂಡು ಹಿಡಿದು ಗೋಲಿನ ಹತ್ತಿರ ಬಂದಾಗ. ಇನ್ನೇನು ಒದೆಯಬೇಕು, ಅಷ್ಟರಲ್ಲಿ ಉದ್ದ ಸಿಳ್ಳು. ಎಲ್ಲರೂ ಚೆಂಡು ಅಲ್ಲೇ ಬಿಟ್ಟು ಹಿಂದಕ್ಕೆ ಓಟ! ಭೀಮಶಿ ಬೆನ್ನು ತಿರುಗಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದ. ಪಾಪ, ಸಿದ್ದಾರೂಢ ತಲೆ ಕೆರೆದುಕೊಂಡು, "ನಮ್ಮ ಹುಡುಗ್ರಿಗೆ ಜಮಖಂಡಿ ನೀರು ಹಿಡಿವಲ್ದು" ಅನ್ನುತ್ತಿದ್ದ.

ಎಲ್ಲ ಹೀಗೆ ಚೆಂದ ನಡೆದಿತ್ತು. ಕೆಡಿಸಿದವನು ರಾಹುಲ.

ರಾಹುಲ ಬನಹಟ್ಟಿಯವನು, ಎಡಗಾಲಲ್ಲಿ ಒದೆಯುವ ಹುಡುಗ. ಅವನ ತಾಯಿ ಯಲ್ಲವ್ವ ಮಗ್ಗದವರ ಮನೆಗಳಿಗೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಕೊಡುವವಳು. ಅವನ ಕಾಲಿಗೆ ಚೆಂಡು ಸಿಕ್ಕರೆ ಮುಧೋಳದ ಹುಡುಗರೆಲ್ಲ ಸುತ್ತ ನಿಂತು ನೋಡಬೇಕು, ಅಷ್ಟೇ. ಒಂದು ಭಾನುವಾರ ಅವನು ಉಲ್ಟಾ ಸಿಳ್ಳಿಗೆ ಹಿಂದಕ್ಕೆ ಓಡಿದವನು, ಮುಧೋಳದವರು ಹೊಡೆದ ಚೆಂಡು ಕಾಲಿಗೆ ಬರುತ್ತಲೇ ಅಲ್ಲಿಂದಲೇ ತಿರುಗಿ ಒದ್ದ. ಚೆಂಡು ಎಲ್ಲರ ತಲೆಯ ಮೇಲಿಂದ ಹೋಗಿ ಮುಧೋಳದ ಗೋಲಿಗೆ ಬಿತ್ತು. ವೈರಿಯ ಗೋಲಿಗೆ ಭೀಮಶಿ ಜೀವನದಲ್ಲಿ ಮೊದಲ ಸಲ ಚಪ್ಪಾಳೆ ತಟ್ಟಿದ. ತಟ್ಟಿದ ಮೇಲೆ ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ. ಆವತ್ತಿನಿಂದ ಆ ಹುಡುಗನ ಮೇಲೆ ಅವನಿಗೆ ಜೀವ. ಬರೀ ಅವನಿಗಂತಲೇ ಮನೆಯಿಂದ ಶೇಂಗಾ ಉಂಡಿ ತರತೊಡಗಿದ. ಸಿಳ್ಳನ್ನು ಮಾತ್ರ ಸರಿ ಮಾಡಲಿಲ್ಲ. ಮಾಡಬೇಕೆಂದರೆ ಸಿದ್ದಾರೂಢನ ಮುಂದೆ ತಪ್ಪು ಒಪ್ಪಿಕೊಳ್ಳಬೇಕಿತ್ತಲ್ಲ!

ಬೆಳಗಾವಿಗೆ ಹೊರಡುವ ಹಿಂದಿನ ದಿನ ಬಾಳಾಸಾಹೇಬರು ಬಾಂಬು ಹಾಕಿದರು. ಈ ಸಲ ಎರಡು ಕ್ಲಬ್ಬಿಂದ ಒಂದೇ ತಂಡ, ಅರ್ಧ ಮುಧೋಳ ಅರ್ಧ ಬನಹಟ್ಟಿ. ಸಿಳ್ಳು ಭೀಮಶಿಯದೇ. ಧಾರವಾಡದಿಂದ ಒಂದು ಕ್ರೀಡಾ ವಸತಿ ಶಾಲೆಯವರು ಬರುತ್ತಾರೆ, ಚೆನ್ನಾಗಿ ಆಡಿದ ಒಬ್ಬನನ್ನು ಊಟ ವಸತಿ ಕೊಟ್ಟು ಓದಿಸುತ್ತಾರೆ. "ರಾಹುಲನ್ನ ನೋಡಾಕನ ಬರಾಕತ್ತಾರ" ಅಂದರು.

ಭೀಮಶಿ ಲೆಕ್ಕ ಹಾಕಿದ. ನಾಳೆ ತಾನು ಸಿಳ್ಳು ಹೊಡೆದರೆ ಅರ್ಧ ತಂಡ ಮುಂದೆ, ಅರ್ಧ ತಂಡ ಹಿಂದೆ. ಅದರಲ್ಲೂ ಆ ಹುಡುಗ ಚೆಂಡು ಬಿಟ್ಟು ಹಿಂದಕ್ಕೆ ಓಡುತ್ತಾನೆ, ನೋಡಲು ಬಂದವರು ನಕ್ಕು ಎದ್ದು ಹೋಗುತ್ತಾರೆ. ಮನೆಗೆ ಬಂದು ಸತ್ಯವ್ವನ ಮುಂದೆ ಎಲ್ಲವನ್ನೂ ಹೇಳಿದ.

"ಖರೆ ಹೇಳಿಬಿಡು ಆರೂಢಗ" ಅಂದಳು ಅವಳು.

"ಸತ್ರೂ ಹೇಳೂದಿಲ್ಲ."

"ಹಂಗಾರ ಬಾಯಿ ಮುಚ್ಕೊಂಡು ಕೂಡು. ನೀ ಬಾಯಿ ಮುಚ್ಚಿದ್ರ ಹುಡುಗ ತನ್ನಷ್ಟಕ್ಕ ಆಡತಾನ."

"ಮುಚ್ಚೂದು ಹೆಂಗ? ಮ್ಯಾಚ್ ನೋಡಿದ್ರ ಬೆರಳು ತಾನಽ ಬಾಯಿಗೆ ಹೋಗ್ತಾವು!"

ಬೆಳಿಗ್ಗೆ ಹೊರಡುವಾಗ ಸತ್ಯವ್ವ ಅವನ ಕೈಗೆ ಒಂದು ಡಬ್ಬಿ ಕೊಟ್ಟಳು. ತುಂಬ ಶೇಂಗಾ ಉಂಡಿ, ಒಂದೊಂದೂ ನಿಂಬೆಹಣ್ಣಿನಷ್ಟು ದಪ್ಪ.

ಮ್ಯಾಚ್ ಶುರುವಾಯಿತು, ಭೀಮಶಿ ಒಂದು ಉಂಡಿಯನ್ನು ಇಡಿಯಾಗಿ ಬಾಯಿಗೆ ತುರುಕಿದ. ಅದು ಕರಗುವಷ್ಟರಲ್ಲಿ ಇನ್ನೊಂದು. ಗಲ್ಲ ಊದಿಕೊಂಡು ಕೂತವನನ್ನು ಸಿದ್ದಾರೂಢ ಓರೆಗಣ್ಣಲ್ಲಿ ನೋಡಿದ.

"ಯಾಕಲೇ ಭೀಮ್ಯಾ, ಹಲ್ಲು ಬ್ಯಾನಿ ಏನು?"

ಭೀಮಶಿ ಹೂಂ ಎಂದು ತಲೆಯಾಡಿಸಿದ.

ಬೆಳಗಾವಿಯವರು ಒಂದು ಗೋಲು ಹೊಡೆದರು. ಸಿದ್ದಾರೂಢ ಎದ್ದು ನಿಂತು, "ಸಿಳ್ಳಿ ಹೊಡಿಯೋ ಮಾರಾಯಾ, ಹುಡುಗ್ರು ನಿನ್ನ ಮಾರಿ ನೋಡಾಕತ್ತಾವು!" ಎಂದು ಕೂಗಿದ. ನಿಜ, ಹುಡುಗರು ಇತ್ತಲೇ ನೋಡುತ್ತಿದ್ದರು. ಭೀಮಶಿ ಮತ್ತೊಂದು ಉಂಡಿ ಹಾಕಿಕೊಂಡು ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟು ಕೂತ. ಆಟ ಮುಗಿಯಲು ಬಂದಿತ್ತು. ರಾಹುಲನ ಕಾಲಿಗೆ ಚೆಂಡು ಸಿಕ್ಕಿತು, ಎದುರಿನವರ ನಡುವೆ ಅಗಲವಾದ ದಾರಿ ತೆರೆಯಿತು. ಉದ್ದ ಸಿಳ್ಳಿನ ಹೊತ್ತು ಅದು. ಎಲ್ಲರೂ ಈಗಲೇ ನುಗ್ಗಬೇಕು. ಭೀಮಶಿಗೆ ಅಳು ಬಂದಿತ್ತು, ಬಾಯಿ ತುಂಬ ಶೇಂಗಾ ಇತ್ತು.

ಆಗ ಸಿಳ್ಳು ಕೇಳಿಸಿತು. ಉದ್ದದ್ದು, ಎಳೆದು ಹೊಡೆದದ್ದು, ಥೇಟ್ ಅವನ ಅಪ್ಪನ ಸಿಳ್ಳು. ಮೈದಾನದ ನಡುವೆ ಓಡುತ್ತಲೇ ಎರಡು ಬೆರಳು ಬಾಯಲ್ಲಿಟ್ಟು ಹೊಡೆದವನು ರಾಹುಲ. ಮುಧೋಳದವರು ನುಗ್ಗಿದರು, ಬನಹಟ್ಟಿಯವರೂ ನುಗ್ಗಿದರು, ಒಬ್ಬನೂ ಹಿಂದೆ ತಿರುಗಲಿಲ್ಲ. ಆರೂಢ ಕಲಿಸಿದಂತೆ ಚೆಂಡು ಅತ್ತ ಹೋಗಿ ಇತ್ತ ಬಂದು ಮತ್ತೆ ಆ ಎಡಗಾಲಿಗೇ ಸಿಕ್ಕಿತು. ಗೋಲ್!

ಕೊನೆಗೆ ಪೆನಾಲ್ಟಿಯಲ್ಲಿ ಸೋತರು, ಅದು ಇರಲಿ. ಧಾರವಾಡದವರು ಬಂದು ರಾಹುಲನ ಬೆನ್ನು ತಟ್ಟಿ, ತಾಯಿಯನ್ನು ಕರೆದುಕೊಂಡು ಬಾ ಎಂದು ಹೇಳಿ ಹೋದರು.

ಊರಿಗೆ ಹೊರಟ ಬಸ್ಸಿನಲ್ಲಿ ಭೀಮಶಿ ರಾಹುಲನನ್ನು ಪಕ್ಕಕ್ಕೆ ಕೂರಿಸಿಕೊಂಡ. ಮೆಲ್ಲಗೆ ಕೇಳಿದ: "ಉದ್ದ ಸಿಳ್ಳಿ ಅಂದ್ರ ಹಿಂದ ಬರೂದು ಅಂತ ಹೇಳಿದ್ನೆಲ್ಲೋ?"

"ಅದು ಉಲ್ಟಾ ಐತಿ ಅಂತ ಮೊದಲನೇ ಐತವಾರನ ಗೊತ್ತಾತ್ರಿ ಕಾಕಾ. ಬುತ್ತಿ ಬಿಚ್ಚಿದಾಗ ನಿಮ್ಮ ಹುಡುಗ್ರ ಹೇಳಿದ್ರು."

"ಮತ್ತ ಇಷ್ಟ ದಿನಾ ಯಾಕ ಹಿಂದ ಓಡಿದ್ರಿ?"

ರಾಹುಲ ಕಿಟಕಿಯ ಕಡೆ ಮುಖ ಮಾಡಿದ. "ನಾವು ಹಿಂದ ಓಡಿದಾಗೆಲ್ಲ ನೀವು ಭಾಳ ನಗತಿದ್ರಿ. ಅದಕ್ಕ ಎಲ್ಲಾರೂ ಓಡೂಣು ಅಂತ ಮಾತಾಡ್ಕೊಂಡಿದ್ವಿ."

"ಆರೂಢಗ ಗೊತ್ತೈತೇನು?"

"ಇಲ್ರಿ. ಹೇಳಿದ್ರ ಅವರು ನಿಮ್ಮನ್ನ ಕಾಡತಾರಂತ ಹೇಳಿಲ್ಲ."

ಮಕ್ಕಳು ಭೀಮಶಿಯ ಮಾನ ಕಾದಿದ್ದರು. ಅದನ್ನು ಇನ್ನೂ ಅವರ ಕೈಯಿಂದಲೇ ಕಾಯಿಸಿಕೊಳ್ಳಲು ಅವನಿಗೆ ನಾಚಿಕೆಯಾಯಿತು. ಎದ್ದು, ಕಂಬಿ ಹಿಡಿದುಕೊಂಡು, ಮುಂದಿನ ಸೀಟಿನಲ್ಲಿದ್ದ ಸಿದ್ದಾರೂಢನ ಪಕ್ಕ ಹೋಗಿ ಕೂತ.

"ಆರೂಢಾ, ಒಂದ್ ಮಾತು ಹೇಳತೇನಿ. ನಗಬ್ಯಾಡ" ಅಂದ.

ಬಸ್ಸು ಲೋಕಾಪುರ ದಾಟಿದರೂ ಸಿದ್ದಾರೂಢನ ನಗು ನಿಂತಿರಲಿಲ್ಲ.